ನಾಲ್ಕೂವರೆ ಮನೆಯ ಕಿವಿ

೧೯೪೩ನೆಯ ಇಸವಿ ಆಗಸ್ಟ್ ೧೧, ಬುಧವಾರ. ಬೆಳಗಿನಿಂದ ಮೋಡ. ಮಳೆ ಬರಲಿಲ್ಲ. ಸಂಜೆಗೆ ಸ್ವಲ್ಪ ಗಾಳಿ ಬೀಸಿತು.

ಆ ದಿನ ಕೆಲಸ ಮುಗಿಸಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆದು ಕುಳಿತಾಗ ಕಾರ್ಖಾನೆಯ ಸದ್ದು ನನ್ನ ಹಿಂದೆಯೇ ಮನೆಗೆ ಬಂದಿರುವುದು ಗೊತ್ತಾಯಿತು. ಎದ್ದು ಬಾಗಿಲು ಹಾಕಿದೆ. ಹೋಗಲಿಲ್ಲ. ಕಿಟಕಿ ಹಾಕಿದೆ. ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಇದಾಗಿ ಐದು ವರ್ಷ ಆಗುತ್ತ ಬಂತು, ಒಂದು ಗಳಿಗೆಯೂ ನಿಂತಿಲ್ಲ. ಇಂಥ ಕಿವಿ ಇಟ್ಟುಕೊಂಡು ನಾಲ್ಕು ಜನರ ನಡುವೆ ಬದುಕುವವನಿಗೆ ಮುಂದೆ ಹೇಳುವಂಥ ಪ್ರಸಂಗಗಳೂ ತಪ್ಪುವುದಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ರೇಷ್ಮೆ ಹುರಿ ಕಾರ್ಖಾನೆಯಲ್ಲಿ ರೈಟರು. ಬಿಚ್ಚಿದ ರೇಷ್ಮೆ ಎಳೆಗಳನ್ನು ಒಂದಕ್ಕೊಂದು ಸೇರಿಸಿ ಹುರಿ ಹಾಕುವುದು ಅಲ್ಲಿನ ಕೆಲಸ. ಎಷ್ಟು ಹುರಿಯಾಯಿತು ಎಂದು ಬರೆಯುವುದು ನನ್ನ ಕೆಲಸ. ನನ್ನ ಮೇಜಿಗೂ ಯಂತ್ರಗಳಿಗೂ ನಡುವೆ ಒಂದು ಹಲಗೆಯ ಗೋಡೆ. ಎಳೆ ಸುತ್ತುವ ನೂರಾರು ಕದಿರುಗಳು ಒಟ್ಟಿಗೆ ತಿರುಗುವಾಗ ಒಂದು ಸದ್ದು ಬರುತ್ತದೆ. ಸಣ್ಣದು, ಉದ್ದದ್ದು, ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಹದಿನೆಂಟು ವರ್ಷ ಅದರ ಪಕ್ಕದಲ್ಲಿ ಕುಳಿತೆ. ಹತ್ತೊಂಬತ್ತನೆಯ ವರ್ಷ ಅದು ನನ್ನೊಳಗೆ ಕುಳಿತಿತು.

ಮನೆಯಲ್ಲಿ ನಾನೊಬ್ಬನೇ. ಹೆಂಡತಿ ತೀರಿಹೋಗಿ ಆಗಲೇ ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಪುಸ್ತಕಗಳಿದ್ದವು. ಓದುವುದಕ್ಕೆ ಬೇಕಾದ ನಿಶ್ಶಬ್ದ ಮಾತ್ರ ಅಂದಿನಿಂದ ಇಲ್ಲ. ಸದ್ದು ನಿಲ್ಲಲಿ ಎಂಬ ಆಸೆಯನ್ನು ಒಂದು ವರ್ಷದೊಳಗೇ ಬಿಟ್ಟೆ. ಉಳಿದದ್ದು ಬೇರೆ ಆಸೆ. ಯಾರಾದರೂ ಒಬ್ಬರು, ಒಂದೇ ಒಂದು ಸಲ, "ಹೌದು, ನನಗೂ ಕೇಳಿಸಿತು" ಅನ್ನಬೇಕು. ಇಷ್ಟೇ. ಇದು ಎಷ್ಟು ದೊಡ್ಡ ಆಸೆ ಎಂಬುದು ಆಮೇಲೆ ತಿಳಿಯಿತು.

ಕರೆಂಟು

ಒಂದು ದಿನ ಮಧ್ಯಾಹ್ನ ಲೆಕ್ಕ ಬರೆಯುತ್ತಿದ್ದೆ. ಕಾರ್ಖಾನೆಯ ಸಾಹುಕಾರರು ಎಲ್ಲಿಂದಲೋ ಬಂದು ನನ್ನ ಮೇಜಿನ ಮುಂದೆ ನಿಂತರು. ಮುಖ ಕೆಂಪಾಗಿತ್ತು.

"ಏನ್ರೀ ರೈಟ್ರೇ, ಮಿಷನ್ ಯಾವಾಗ ನಿಂತದ್ದು?"

"ನಿಂತಿಲ್ಲವಲ್ಲ ಸ್ವಾಮಿ. ಓಡ್ತಾ ಇದೆ."

ಅವರು ನನ್ನನ್ನು ಒಂದು ಸಲ ನೋಡಿದರು. ಹಲಗೆ ಗೋಡೆಯ ಬಾಗಿಲು ತೆಗೆದರು. ಒಳಗೆ ಒಬ್ಬ ಮನುಷ್ಯನಿಲ್ಲ. ಕದಿರುಗಳೆಲ್ಲ ನೆಟ್ಟಗೆ ನಿಂತಿದ್ದವು. ಬಾಬಿನ್ ಬುಟ್ಟಿಯಲ್ಲಿ ಒಂದು ಬೆಕ್ಕು ಮಲಗಿತ್ತು. ಹಿತ್ತಲ ಹೊಂಗೆಮರದ ಕೆಳಗೆ ಕೆಲಸದವರೆಲ್ಲ ಸುತ್ತ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದರು. ಮೇಸ್ತ್ರಿ ಎದ್ದು ಬಂದ.

"ಕರೆಂಟ್ ಹೋಗಿ ಒಂದ್ ಗಂಟೆ ಮೇಲಾಯ್ತು ಸಾಮಿ."

"ರೈಟರಿಗೆ ಒಂದು ಮಾತು ಹೇಳಬಾರದೇನಯ್ಯ?"

"ಬರೀತಾ ಕೂತಿದ್ರು. ಯಾಕ್ ಸುಮ್ನೆ ತೊಂದ್ರೆ ಕೊಡೋದು ಅಂತ."

ಸಾಹುಕಾರರು ಬುದ್ಧಿವಂತರು. ಅಂದು ಏನೂ ಅನ್ನಲಿಲ್ಲ. ಆಗ ಯುದ್ಧಕಾಲ, ರೇಷ್ಮೆಗೆಲ್ಲ ಸರ್ಕಾರವೇ ಗಿರಾಕಿ. ತಿಂಗಳು ಕಳೆದ ಮೇಲೆ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಯಂತ್ರ ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದರು. ಸಾಹುಕಾರರು ಬಾಯಿ ಬಿಡಲಿಲ್ಲ. ನನ್ನ ಕಡೆ ಕೈ ತೋರಿಸಿ, "ನಮ್ಮ ರೈಟರನ್ನೇ ಕೇಳಿ. ಸುಳ್ಳು ಹೇಳೋ ಮನುಷ್ಯ ಅಲ್ಲ" ಅಂದರು.

ನಾನು ನನಗೆ ಕೇಳಿಸಿದ್ದನ್ನೇ ಹೇಳಿದೆ. ಆ ವರ್ಷ ಸರ್ಕಾರದ ಕಾಗದದ ಪ್ರಕಾರ ನಮ್ಮ ಸೀಮೆಯಲ್ಲಿ ಒಂದು ನಿಮಿಷವೂ ಕರೆಂಟು ಹೋಗದಿದ್ದ ಕಾರ್ಖಾನೆ ನಮ್ಮದೊಂದೇ.

ಏಳು ಹೆಸರು

ನನ್ನ ಎದುರುಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಇಡೀ ದಿನ ಜಗಲಿಯ ಮೇಲೆ ಕುಳಿತು ಬೀದಿ ಕಾಯುತ್ತಾರೆ. ನಾನು ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸುವುದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಕರೆದರು.

"ಏನಪ್ಪಾ, ಕಿವೀಲಿ ಇರುವೆ ಹೊಕ್ಕದಾ?"

"ಇಲ್ಲ ಅಜ್ಜಿ. ಗುಂಯ್ ಅಂತ ಸದ್ದು. ನಿಲ್ಲೋದೇ ಇಲ್ಲ."

"ಅಷ್ಟೇನಾ? ಯಾರೋ ನೆನೀತಾವ್ರೆ ಕಣಪ್ಪ. ಬಿಕ್ಕಳಿಕೆ ಬಂದ್ರೆ ಏನ್ ಮಾಡ್ತೀವಿ? ಒಬ್ಬೊಬ್ರ ಹೆಸ್ರೂ ಹೇಳ್ಕಂಡು ಬರ್ತೀವಿ. ನೆನೆದೋರ ಹೆಸ್ರು ಬತ್ತಿದ್ದಂಗೆ ನಿಂತೋಯ್ತದೆ. ಇದೂ ಅಂಗೇಯ. ಹೇಳು, ನಾನ್ ಎಣಿಸ್ತೀನಿ."

ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಜಗಲಿಯ ಅಂಚಿನಲ್ಲಿ ಕುಳಿತು ಹೇಳತೊಡಗಿದೆ. ಮೊದಲು ದೊಡ್ಡಬೆಳವಂಗಲದಲ್ಲಿರುವ ನನ್ನ ಅಕ್ಕ. ಆಮೇಲೆ ಭಾವ. ಅವರ ಮಗಳು. ಕೋಲಾರದಲ್ಲಿ ಮಾಸ್ತರನಾಗಿರುವ ನನ್ನ ಶಾಲೆಯ ಗೆಳೆಯ. ಅವನ ಕಾಗದ ಬಂದು ನಾಲ್ಕು ವರ್ಷವಾಗಿತ್ತು, ಆದರೂ ಸೇರಿಸಿಕೊಂಡೆ. ನಮ್ಮ ಸಾಹುಕಾರರು. ಮೇಸ್ತ್ರಿ. ಇಲ್ಲಿಗೆ ಬಂದಾಗ ಸ್ವಲ್ಪ ಯೋಚಿಸಬೇಕಾಯಿತು. ಕ್ಷೌರದವನು.

"ಏಳಾಯ್ತು. ಮುಂದಕ್ಕೆ?"

"ಅಷ್ಟೇ ಅಜ್ಜಿ."

ಅಜ್ಜಿ ಮಡಿಸಿದ ಬೆರಳುಗಳನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. "ಒಂದ್ ಬಿಕ್ಕಳಿಕೆಗೂ ಸಾಲಾಕಿಲ್ಲವಲ್ಲಪ್ಪ" ಅಂದರು.

ಆಮೇಲೆ ಅವರೇ, "ಓಗ್ಲಿ, ನನ್ ಹೆಸ್ರೂ ಸೇರಿಸ್ಕೋ" ಅಂದರು. ಆಗ ಗೊತ್ತಾಯಿತು, ಹನ್ನೊಂದು ವರ್ಷದಿಂದ ಎದುರುಮನೆಯಲ್ಲಿದ್ದೂ ನನಗೆ ಅವರ ಹೆಸರೇ ಗೊತ್ತಿಲ್ಲ. ಕೇಳಿದೆ. ಅವರೂ ಒಂದು ಗಳಿಗೆ ಯೋಚಿಸಿಯೇ ಹೇಳಿದರು. ಅವರ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲವೆಂದು ಕಾಣುತ್ತದೆ. ಆ ಹೆಸರನ್ನು ನಾನು ಮೆಲ್ಲಗೆ ಹೇಳಿದೆ.

"ನಿಲ್ತಾ?"

"ಇಲ್ಲ ಅಜ್ಜಿ."

"ನಿಲ್ಲಾಕಿಲ್ಲ. ನಾನ್ಯಾಕಪ್ಪ ನಿನ್ನ ನೆನೀಲಿ? ದಿನಾ ಎದುರಿಗೇ ಬಿದ್ದಿರ್ತೀಯ."

ಬೂದಿಗೆರೆಯ ರೈತ

ಕಡೆಗೆ ದೇವನಹಳ್ಳಿಯ ಆಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಹಣೆಗೆ ಕನ್ನಡಿ ಕಟ್ಟಿಕೊಂಡು ಎರಡೂ ಕಿವಿ ಇಣುಕಿ ನೋಡಿದರು.

"ಕಿವಿ ಚೊಕ್ಕವಾಗಿದೆ. ಏನು ತೊಂದರೆ?"

"ಸದ್ದು."

"ಸದ್ದು ಎಲ್ಲಿದೆ?"

ನಾನು ಕಿವಿ ತೋರಿಸಿದೆ. ಡಾಕ್ಟರು ಒಳ್ಳೆಯವರು, ಶ್ರದ್ಧೆಯಿದ್ದವರು. ಒಂದು ರಬ್ಬರು ಕೊಳವೆ ತರಿಸಿ ಒಂದು ತುದಿಯನ್ನು ನನ್ನ ಕಿವಿಗಿಟ್ಟರು, ಇನ್ನೊಂದನ್ನು ತಮ್ಮ ಕಿವಿಗಿಟ್ಟುಕೊಂಡರು. ಕಣ್ಣು ಮುಚ್ಚಿ ಕೇಳಿದರು. ನಾನು ಉಸಿರು ಬಿಗಿಹಿಡಿದು ಕುಳಿತೆ. ಅಲ್ಲಿಯವರೆಗೆ ಅಷ್ಟು ಹತ್ತಿರಕ್ಕೆ ಬಂದು ಕೇಳಿದವರು ಯಾರೂ ಇರಲಿಲ್ಲ.

"ಏನೂ ಇಲ್ಲವಲ್ಲ. ಕಾಂಪೌಂಡರೇ, ನೀವೊಂದು ಸಲ ನೋಡಿ."

ಕಾಂಪೌಂಡರು ಕೇಳಿದರು. ಅವರಿಗೆ ಬೀದಿಯಲ್ಲಿ ಹೋಗುತ್ತಿದ್ದ ಜಟಕಾ ಕೇಳಿಸಿತಂತೆ. ಬೆಂಚಿನ ಮೇಲೆ ಕಾದಿದ್ದವರೆಲ್ಲ ಅಷ್ಟರಲ್ಲಿ ಎದ್ದು ಸುತ್ತ ನಿಂತಿದ್ದರು. ಅವರಲ್ಲಿ ಒಬ್ಬ ರೈತ, ಕಂಬಳಿ ಹೊದ್ದವನು, ಬೂದಿಗೆರೆಯವನು. "ನಾನೊಂದ್ ಕಿತ ಕೇಳ್ಲಾ ಸಾಮಿ?" ಅಂದ. ಡಾಕ್ಟರು ನಕ್ಕು ಕೊಳವೆ ಕೊಟ್ಟರು.

ಅವನು ಕಿವಿಗಿಟ್ಟುಕೊಂಡ. ತಲೆ ವಾಲಿಸಿದ. ಕಣ್ಣು ಅಗಲವಾಯಿತು.

"ಕೇಳ್ತದೆ ಸಾಮಿ."

"ಏನು ಕೇಳುತ್ತೆ?" ನಾನು ಎದ್ದೇಬಿಟ್ಟಿದ್ದೆ.

"ಗುಂಯ್ ಅಂತದೆ. ಜೀರುಂಡೆ ಇದ್ದಂಗೆ. ಬುಡಾಕೇ ಇಲ್ಲ, ಒಂದೇ ಸಮ. ಪಾಪ, ಎಂಗ್ ತಡ್ಕಂಡಿದ್ದೀರ?"

ಒಂದಕ್ಷರ ತಪ್ಪಿರಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಕೈ ಸುಡುತ್ತಿತ್ತು.

ಕಾಂಪೌಂಡರು ಬಂದು ಮೆಲ್ಲಗೆ ಅವನ ಕಿವಿಯಿಂದ ಕೊಳವೆ ತೆಗೆದರು. "ಈಗ?"

"ಈಗ್ಲೂ ಕೇಳ್ತದೆ ಸಾಮಿ."

"ಚಳಿಜ್ವರ. ನಾಲ್ಕು ದಿನದಿಂದ ಕ್ವಿನೈನು ಕುಡೀತಾ ಇದಾನೆ" ಎಂದರು ಕಾಂಪೌಂಡರು. "ಕ್ವಿನೈನು ಹೆಚ್ಚಾದರೆ ಎಲ್ಲರಿಗೂ ಹಾಗೇ ಕಿವಿ ಗುಂಯ್‌ಗುಟ್ಟುತ್ತೆ."

ಆದರೂ ಸುಮಾರು ಎರಡು ವಾರ ನನಗೆ ಒಂದು ಸಮಾಧಾನವಿತ್ತು. ಕಾರ್ಖಾನೆಯಲ್ಲಿ ಕುಳಿತಾಗ, ಬೂದಿಗೆರೆಯಲ್ಲಿ ಇನ್ನೊಬ್ಬನಿಗೆ ಈ ಹೊತ್ತು ಇದೇ ಕೇಳಿಸುತ್ತಿದೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಒಂದು ಸಂತೆಯಲ್ಲಿ ಅವನೇ ಸಿಕ್ಕಿದ. ದೂರದಿಂದಲೇ ಕೂಗಿದ.

"ಸಾಮೀ, ಜರ ಬುಟ್ಟೋಯ್ತು. ಕಿವೀನೂ ಸುಮ್ಕಾಯ್ತು. ನಿಮ್ದು?"

ಸಂತೋಷ ಕಣಪ್ಪ ಅಂದೆ. ಮನೆಗೆ ಬಂದು ಯೋಚಿಸಿ ನೋಡಿದೆ. ಒಬ್ಬ ಮನುಷ್ಯನಿಗೆ ಜ್ವರ ಬಿಟ್ಟಿತೆಂದು ನಾನು ದುಃಖಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಸಾಧನೆ

ಊರ ಹೊರಗಿನ ಛತ್ರಕ್ಕೆ ಒಬ್ಬರು ಸಂನ್ಯಾಸಿಗಳು ಬಂದು ಇಳಿದಿದ್ದರು. ಮಾತು ಕಡಿಮೆ, ಓದು ಬಹಳ ಎಂದು ಕೇಳಿ ನೋಡಲು ಹೋದೆ. ಎರಡು ಗುಣವೂ ಒಬ್ಬರಲ್ಲಿ ಸಿಗುವುದು ಅಪರೂಪ. ಅದೂ ಇದೂ ಮಾತಾಡಿ ಏಳುವಾಗ ಕಿವಿಯ ವಿಷಯ ಬಾಯಿಗೆ ಬಂತು. ಒಂದೇ ಸಮನೆ ಒಂದು ನಾದ, ಹೊರಗೆ ಯಾವ ಕಾರಣವೂ ಇಲ್ಲ, ಎಚ್ಚರವಿದ್ದಷ್ಟು ಹೊತ್ತೂ ಕೇಳಿಸುತ್ತದೆ ಎಂದೆ.

ಅವರು ಕುಳಿತಲ್ಲಿಂದ ಮುಂದಕ್ಕೆ ಬಾಗಿದರು. "ಎರಡು ವಸ್ತು ತಾಗದೆ ಹುಟ್ಟುವ ನಾದ. ಇದಕ್ಕೆ ಅನಾಹತ ಅನ್ನುತ್ತಾರೆ. ಇದನ್ನು ಕೇಳಬೇಕೆಂದು ನಾನು ಮನೆ ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಕಾಡಿನಲ್ಲಿದ್ದೆ, ಗುಹೆಯಲ್ಲಿದ್ದೆ, ಉಪವಾಸ ಮಾಡಿದೆ. ಒಂದು ದಿನವೂ ಕೇಳಿಸಲಿಲ್ಲ. ನಿಮಗೆ ಎಷ್ಟು ಕಾಲದಿಂದ?"

"ಮೂರು ವರ್ಷದಿಂದ."

"ದಿನಕ್ಕೆ ಎಷ್ಟು ಹೊತ್ತು?"

"ಬಿಡುವೇ ಇಲ್ಲ."

"ನಿಮ್ಮದು ಯಾವ ಸಾಧನೆ?"

"ಹುರಿ ಕಾರ್ಖಾನೆಯಲ್ಲಿ ರೈಟರು ಕೆಲಸ."

ಸಂನ್ಯಾಸಿಗಳು ಸುತ್ತ ಒಮ್ಮೆ ನೋಡಿದರು. ಆಮೇಲೆ ಧ್ವನಿ ತಗ್ಗಿಸಿ ಕೇಳಿದರು:

"ಅಲ್ಲಿ ಇನ್ನೊಂದು ಜಾಗ ಏನಾದರೂ ಖಾಲಿ ಇದೆಯೇ?"

ಪೆಟ್ಟಿಗೆ ಪಾಲು

ಕಳೆದ ಕಾರ್ತಿಕದಲ್ಲಿ ಒಂದು ಕೋಟು ಹೊಲಿಸಲು ದರ್ಜಿಯ ಅಂಗಡಿಗೆ ಹೋಗಿದ್ದೆ. ಈ ದರ್ಜಿ ನಮ್ಮೂರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವನು. ಬಟ್ಟೆ ಹೊಲಿಯುವುದು ಬೇಸರವಾದಾಗ ಪೆಟ್ಟಿಗೆ ಮುಂದಿಟ್ಟುಕೊಳ್ಳುತ್ತಾನೆ. ಅಂದು ನಾನು ಹೋದಾಗಲೂ ಅದನ್ನೇ ನುಡಿಸುತ್ತಿದ್ದ. ಬಲಗಡೆಯ ತುದಿಯಲ್ಲಿ, ಮೇಲಿನ ಸ್ಥಾಯಿಯಲ್ಲಿ, ಒಂದು ಕರಿಯ ಕಟ್ಟೆಯ ಮೇಲೆ ಅವನ ಬೆರಳು ಬಿತ್ತು.

ನನ್ನ ಕಿವಿಯ ಸದ್ದು ತಟ್ಟನೆ ಮಾಯವಾಯಿತು.

"ಅದೇ. ಅದನ್ನೇ ಇನ್ನೊಂದು ಸಲ ಒತ್ತಿ."

ಒತ್ತಿದ. ಮತ್ತೆ ಮಾಯವಾಯಿತು. ಬೆರಳು ಎತ್ತಿದ. ಮತ್ತೆ ಬಂತು. ನಾನು ವಿಷಯ ಹೇಳಿದೆ. ದರ್ಜಿ ನಗಲಿಲ್ಲ. ಅಕ್ಕಪಕ್ಕದ ಕಟ್ಟೆಗಳನ್ನೂ ಒತ್ತಿ ನೋಡಿದ. ಅವುಗಳಲ್ಲಿ ಹಾಗಾಗಲಿಲ್ಲ.

"ಹಾಗಿದ್ರೆ ಸರಿ. ರೈಟ್ರೇ, ನಿಮ್ದು ಎಷ್ಟು ಮನೆ ಗೊತ್ತಾ?"

"ಒಂದೇ ಮನೆ. ಅದೂ ಬಾಡಿಗೇದು."

"ಆ ಮನೆ ಅಲ್ಲ ಸ್ವಾಮಿ. ಶ್ರುತಿ. ಪೆಟ್ಟಿಗೇಲಿ ಈ ಬಿಳಿ, ಕರಿ ಕಟ್ಟೆಗಳಿವೆಯಲ್ಲ, ಇವಕ್ಕೆ ಮನೆ ಅಂತೀವಿ. ಹಾಡೋರು ಒಬ್ಬೊಬ್ಬರದ್ದು ಒಂದೊಂದು ಮನೆ. ಬಿಳೀದು ಪೂರ್ತಿ ಮನೆ, ಕರೀದು ಅರ್ಧ. ನಿಮ್ಮ ಕಿವಿ ನಾಲ್ಕೂವರೆ ಮನೆ."

ನಾನು ಇನ್ನೊಂದು ಸಲ, ಸ್ವಲ್ಪ ಹೆಚ್ಚು ಹೊತ್ತು, ಒತ್ತಿ ಹಿಡಿಯಿರಿ ಎಂದು ಕೇಳಿಕೊಂಡೆ. ಅವನು ಗಾಳಿಯ ತಿದಿ ಒತ್ತುತ್ತ ಬೆರಳು ತೆಗೆಯದೆ ಕುಳಿತ. ಒಂದು ನಿಮಿಷ, ಎರಡು ನಿಮಿಷ. ಅಷ್ಟರಲ್ಲಿ ಒಳಮನೆಯಿಂದ ಅವನ ಹೆಂಡತಿಯ ದನಿ ಬಂತು.

"ಏನ್ರೀ ಅದು, ಒಂದೇ ಸಮ ಗುಂಯ್ ಅಂತ? ತಲೆ ಚಿಟ್ಟು ಹಿಡೀತಾ ಇದೆ. ಯಾವ ಮನುಷ್ಯ ತಡ್ಕೋತಾನೆ ಇದನ್ನ? ನಿಲ್ಸಿ ಮೊದ್ಲು."

ನನಗೆ ಕೇಳುವುದು ಇನ್ನೊಬ್ಬರಿಗೂ ಕೇಳಿಸಿತ್ತು. ಜ್ವರವಿಲ್ಲದವರಿಗೆ. ಆಕೆ ಇನ್ನೂ ನಾಲ್ಕು ಮಾತು ಬೈದರು. ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿರಲಿಲ್ಲ. ಕೋಟಿನ ಅಳತೆ ಕೊಡುವುದನ್ನೂ ಮರೆತು ಎದ್ದು ಬಂದೆ.

ಧನುರ್ಮಾಸ ಇನ್ನು ಎರಡು ದಿನ ಇದೆ ಎನ್ನುವಾಗ ಮಂಡಳಿಯ ಹಾರ್ಮೋನಿಯಂನ ತಿದಿ ಹರಿಯಿತು. ರಿಪೇರಿಗೆ ಬೆಂಗಳೂರಿಗೆ ಕಳಿಸಿದರು. ಅಲ್ಲಿಯವನು ಒಂದು ತಿಂಗಳು ಬೇಕು ಅಂದ. ನಮ್ಮಲ್ಲಿ ಧನುರ್ಮಾಸವಿಡೀ ಬೆಳಗಿನ ಜಾವ ಮಂಡಳಿಯವರು ಬೀದಿ ಬೀದಿ ಭಜನೆ ಮಾಡಿಕೊಂಡು ಹೋಗುವ ಪದ್ಧತಿ. ಮಂಡಳಿಯ ಅಧ್ಯಕ್ಷರು ರೇಷ್ಮೆಗೂಡಿನ ವ್ಯಾಪಾರಿ, ದೊಡ್ಡ ಶರೀರ, ಅದಕ್ಕೂ ದೊಡ್ಡ ಶಾರೀರ. ಶ್ರುತಿ ಹಿಡಿಯುವವರಿಲ್ಲದಿದ್ದರೆ ಅವರು ನಾಲ್ಕನೆಯ ಮನೆಯಲ್ಲಿ ಎತ್ತಿದ ಪದವನ್ನು ಆರನೆಯ ಮನೆಯಲ್ಲಿ ಇಳಿಸುತ್ತಾರೆ.

ದರ್ಜಿ ಅವರನ್ನು ನನ್ನ ಮನೆಗೇ ಕರೆದುಕೊಂಡು ಬಂದ.

"ಇವರೇ. ದಿನವಿಡೀ ನಾಲ್ಕೂವರೆ. ಎಣ್ಣೆ ಬೇಡ, ತಿದಿ ಬೇಡ."

ಅಧ್ಯಕ್ಷರು ನನ್ನ ಸುತ್ತ ಒಂದು ಸುತ್ತು ಬಂದು ನೋಡಿದರು. "ಈಗಲೂ ಬರ್ತಾ ಇದೆಯಾ?"

"ಬರ್ತಾ ಇದೆ."

"ಹೊತ್ತಾರೆ ನಾಲ್ಕೂವರೆಗೆ ಏಳಬೇಕಾಗುತ್ತೆ."

"ಎದ್ದೇ ಇರ್ತೀನಿ" ಅಂದೆ. ಅದು ನಿಜವಾಗಿತ್ತು.

ಹಾಗೆ ನಾನು ಮಂಡಳಿಗೆ ಸೇರಿದೆ. ಕಿವಿಯಲ್ಲಿರುವುದು ಬಹಳ ಮೇಲಿನ ಸ್ಥಾಯಿ. ಅದನ್ನು ಕಂಠಕ್ಕೆ ಇಳಿಸಿಕೊಂಡು ಮೂಗಿನಿಂದ ಹಿಡಿಯುವುದನ್ನು ದರ್ಜಿ ಎರಡು ಸಂಜೆ ಕೂರಿಸಿ ಕಲಿಸಿದ. ಪ್ರತಿ ಪದಕ್ಕೆ ಮೊದಲು ಅಧ್ಯಕ್ಷರು ಕೈ ಎತ್ತಿ, "ರೈಟ್ರೇ, ಶ್ರುತಿ" ಅನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ, ಒಳಗಿನದನ್ನು ಕೇಳಿ, ಹೊರಗೆ ಹೇಳುತ್ತಿದ್ದೆ. ಎಂಟು ಜನ ಅದನ್ನು ಹಿಡಿದುಕೊಂಡು ಹಾಡುತ್ತಿದ್ದರು. ಮಂಜಿನಲ್ಲಿ ಬೀದಿ ಕಾಣುತ್ತಿರಲಿಲ್ಲ. ನಾಲ್ಕು ವರ್ಷ ನಾನೊಬ್ಬನೇ ಕೂಡಿಹಾಕಿಕೊಂಡಿದ್ದ ಸದ್ದು ತಾಳ ಹಾಕಿಕೊಂಡು ಊರು ಸುತ್ತುತ್ತಿತ್ತು. ಎದುರುಮನೆಯ ಅಜ್ಜಿ ಜಗಲಿಗೆ ಬಂದು ನಿಂತು ಕೈ ಮುಗಿದರು. ಮುಂದೆ ಹೊತ್ತಿದ್ದ ದೇವರ ಪಟಕ್ಕೋ, ನನಗೋ ತಿಳಿಯಲಿಲ್ಲ.

ಹನ್ನೆರಡನೆಯ ದಿನ ಒಂದು ಅಚಾತುರ್ಯವಾಯಿತು. ಹಿಂದಿನ ಸಂಜೆಯೇ ನನಗೆ ನೆಗಡಿ ಹತ್ತಿತ್ತು. ನೆಗಡಿಯಾದರೆ ಕಿವಿಯ ಸದ್ದು ಮೇಲಕ್ಕೆ ಹೋಗುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ. ಬೇರೆ ಯಾವ ಶ್ರುತಿಯ ಜೊತೆ ಹೋಲಿಸಿ ನೋಡುವುದು? ಕೇಳಿಸಿದ್ದನ್ನೇ ಹೇಳಿದೆ. ಅಧ್ಯಕ್ಷರು ಎತ್ತಿಕೊಂಡರು. ಮೊದಲ ಬೀದಿಯಲ್ಲಿ ಅವರ ಕುತ್ತಿಗೆಯ ನರ ಉಬ್ಬಿತು. ಎರಡನೆಯ ಬೀದಿಯಲ್ಲಿ ಕಣ್ಣು ಕೆಂಪಾಯಿತು. ಮೂರನೆಯ ಬೀದಿಯ ತಿರುವಿನಲ್ಲಿ, ದೇವರನ್ನು ಎತ್ತರದ ಸ್ವರದಲ್ಲಿ ಕರೆಯಬೇಕಾದ ಜಾಗದಲ್ಲಿ, ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಹಿಂದಿನವರು ಇದೂ ಭಕ್ತಿಯೇ ಎಂದುಕೊಂಡು ತಾಳ ಜೋರು ಮಾಡಿದರು. ಅಧ್ಯಕ್ಷರು ಒಂದು ಮನೆಯ ಗೋಡೆಗೆ ಒರಗಿ ಕುಳಿತುಬಿಟ್ಟರು.

ದರ್ಜಿ ನನ್ನ ಹತ್ತಿರ ಬಂದು ಮುಖ ನೋಡಿದ.

"ರೈಟ್ರೇ, ನಿಮ್ಗೆ ನೆಗಡಿ ಏನಾದ್ರೂ ಆಗಿದ್ಯಾ?"

"ಸ್ವಲ್ಪ."

"ಐದೂವರೆಗೆ ಹೋಗಿದೀರಿ."

ಅಧ್ಯಕ್ಷರು ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು: "ಅಲ್ಲಾ ಸ್ವಾಮಿ, ಇಂಥದ್ದನ್ನ ಮುಚ್ಚಿಡೋದಾ? ನನ್ನ ಪ್ರಾಣವೇ ಹೋಗ್ತಿತ್ತಲ್ಲ. ಒಂದು ಮನೆ ಅಂದ್ರೆ ಸುಮ್ನೇನಾ?"

ಅಂದಿನಿಂದ ನನ್ನ ಆರೋಗ್ಯ ಮಂಡಳಿಯ ಜವಾಬ್ದಾರಿಯಾಯಿತು. ಒಬ್ಬರ ಮನೆಯಿಂದ ಮೆಣಸಿನ ಸಾರು ಬಂತು, ಒಬ್ಬರ ಮನೆಯಿಂದ ಶುಂಠಿ ಕಷಾಯ. ಮೊಸರು, ಬಾಳೆಹಣ್ಣು ಮುಟ್ಟಬಾರದೆಂದು ಅಧ್ಯಕ್ಷರ ಅಪ್ಪಣೆಯಾಯಿತು. ಕಾರ್ಖಾನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರು, "ಎಷ್ಟರಲ್ಲಿದೆ ಸ್ವಾಮಿ ಇವತ್ತು?" ಎಂದು ಕೇಳುತ್ತಿದ್ದರು. "ಐದು", "ನಾಲ್ಕೂಮುಕ್ಕಾಲು" ಎಂದು, ದರ್ಜಿ ಆ ಬೆಳಗ್ಗೆ ಕೇಳಿ ಗುರುತಿಸಿದ ಲೆಕ್ಕವನ್ನು ಹೇಳುತ್ತಿದ್ದೆ. ನಾಲ್ಕೂವರೆಗೆ ಇಳಿದ ದಿನ ದರ್ಜಿಯ ಹೆಂಡತಿ ಸಿಹಿ ಪೊಂಗಲು ಕಳಿಸಿದರು. ನನ್ನ ಹೆಂಡತಿ ಹೋದ ಮೇಲೆ ನನ್ನ ನೆಗಡಿಯನ್ನು ಬೇರೊಬ್ಬರು ವಿಚಾರಿಸಿದ್ದು ಇರಲಿಲ್ಲ.

ಸಂಕ್ರಾಂತಿಗೆ ಅಕ್ಕನ ಊರಿಗೆ ಹೋದೆ. ಕಿವಿಯ ಮಾತು ಎತ್ತಿದಾಗಲೆಲ್ಲ ಅಕ್ಕ, "ಆ ಪುಸ್ತಕ ಓದೋದು ಬುಡು, ಎಲ್ಲಾ ಸರಿಹೋಯ್ತದೆ" ಅಂದುಬಿಡುತ್ತಿದ್ದಳು. ಈ ಸಲ ಎಳ್ಳು ಬೆಲ್ಲ ತಟ್ಟೆಗೆ ಹಾಕುತ್ತ ಇಡೀ ಕಥೆ ಕೇಳಿದಳು. ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಗೃಹಿಣಿಯ ಪ್ರಶ್ನೆ ಬಂತು.

"ಅಲ್ಲ ಕಣೋ, ಒಂದ್ ತಿಂಗ್ಳು ಆ ಚಳೀಲಿ ಎದ್ದೋಗಿ ಹಾಡಿದೀಯ. ಅವ್ರು ಏನ್ ಕೊಟ್ರು?"

"ಹಾಡಲಿಲ್ಲ ಅಕ್ಕ. ಶ್ರುತಿ ಹಿಡಿದೆ."

"ಏನೋ ಒಂದು. ಏನ್ ಕೊಟ್ರು ಹೇಳು."

ನಾನು ವಿವರಿಸಬೇಕಾಯಿತು. ಕೊನೆಯ ದಿನ ಮಂಗಳಾರತಿಗೆ ಮೊದಲು ವಾದ್ಯಗಳಿಗೆ ಪೂಜೆ. ಒಂದು ಮಣೆಯ ಮೇಲೆ ಖಂಜಿರ, ತಾಳ, ಚಿಟಿಕೆಗಳನ್ನು ಸಾಲಾಗಿ ಇಟ್ಟರು. ಸಾಲಿನ ಕೊನೆಯ ಜಾಗ ಪೆಟ್ಟಿಗೆಯದು. ಖಾಲಿ ಬಿಡಬಾರದೆಂದು ಅಲ್ಲಿ ನನ್ನನ್ನು ಕೂರಿಸಿದರು. ಎರಡು ಕಿವಿಗೂ ಅರಿಶಿನ ಕುಂಕುಮ ಹಚ್ಚಿದರು. ಪೂಜೆಯಾದ ಮೇಲೆ ಪಾಲು ಹಂಚುವುದು. ಹಾಡುವವರಿಗೆ, ತಾಳದವರಿಗೆ ಅಕ್ಕಿ, ಬೇಳೆ, ತೆಂಗಿನಕಾಯಿ. ಪೆಟ್ಟಿಗೆಗೆ ಮಾತ್ರ ಬೇರೆಯ ಪಾಲು, ಹಿಂದಿನಿಂದ ಬಂದದ್ದು. ನನಗೆ ಯಾವ ಪಾಲು ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ತಾಳದವನು ನನ್ನನ್ನೂ ಮನುಷ್ಯರ ಲೆಕ್ಕಕ್ಕೆ ಸೇರಿಸಬೇಕೆಂದ. ಅಧ್ಯಕ್ಷರು ಒಪ್ಪಲಿಲ್ಲ. "ನಾಳೆ ಯಾರೂ ಬೆರಳು ಮಾಡಬಾರದು. ಪೆಟ್ಟ್ಗೆ ಕೆಲ್ಸ ಮಾಡಿದಾರೆ, ಪೆಟ್ಟ್ಗೆಗೆ ಏನು ಸಲ್ಲುತ್ತೋ ಅದೇ ಸಲ್ಲಬೇಕು" ಅಂದರು. ಎಲ್ಲರೂ ಅದೇ ನ್ಯಾಯ ಎಂದರು. ನನಗೂ ಹಾಗೇ ಅನ್ನಿಸಿತು.

"ಸರಿ ಕಣೋ, ಆ ಪೆಟ್ಟ್ಗೆ ಪಾಲು ಅಂದ್ರೆ ಎಷ್ಟು?"

ಚೀಲ ತೆಗೆದು ಅಕ್ಕನ ಮಡಿಲಲ್ಲಿಟ್ಟೆ. ಪ್ರತಿ ವರ್ಷ ಪೆಟ್ಟಿಗೆಗೆ ಹೊದಿಸುವಂಥ ಕೆಂಪು ಫ್ಲಾನೆಲ್ ಬಟ್ಟೆಯ ಹೊಸ ಗವಸು, ಅಂಚಿಗೆ ಹಳದಿ ಪಟ್ಟಿ, ಕಟ್ಟಲು ಎರಡು ದಾರ. ದರ್ಜಿ ಪಾಪ, ನನ್ನ ತಲೆಯ ಅಳತೆ ತೆಗೆದುಕೊಂಡೇ ಹೊಲಿದಿದ್ದ. ಕೈಗೆ ಅಭ್ಯಾಸವಾದದ್ದರಿಂದ ನಾಲ್ಕು ಮೂಲೆ ಮಾತ್ರ ಚೌಕವಾಗಿಯೇ ಉಳಿದಿದ್ದವು. ಅಕ್ಕ ಅದನ್ನು ನನ್ನ ತಲೆಗೆ ಹಾಕಿ, ಗಲ್ಲದ ಕೆಳಗೆ ದಾರ ಕಟ್ಟಿ, ಸ್ವಲ್ಪ ಹಿಂದೆ ಸರಿದು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

"ಇಷ್ಟೇನಾ?"

"ಇಷ್ಟೇ. ಇದರ ಜೊತೆಗೆ, ಹುಳ ಹಿಡೀದಿರಲಿ ಅಂತ ನಾಲ್ಕು ನುಸಿಗುಳಿಗೆ."